ಹೊಟ್ಟೆಯ ಮೇಲೆ ಇಳಿದ ಬಾಂಬರ್: ಜೌಗಿನಲ್ಲಿ ಒಂಬತ್ತು ಜನ ಬದುಕಿದ್ದು ಹೇಗೆ?

ಪ್ರಶ್ನೆ: ಹವಾಯಿಗೆ ಹೋಗಿದ್ದ ನನ್ನ ಅಣ್ಣನ ಮಗ, ಅಲ್ಲಿನ ಪರ್ಲ್ ಹಾರ್ಬರ್ ವಿಮಾನ ವಸ್ತುಸಂಗ್ರಹಾಲಯದಲ್ಲಿ ತೆಗೆದ ಒಂದು ಹಳೆಯ ಬಾಂಬರ್ ವಿಮಾನದ ಫೋಟೊ ಕಳುಹಿಸಿದ್ದಾನೆ. ಎರಡನೆಯ ಮಹಾಯುದ್ಧದಲ್ಲಿ ಏಟು ತಿಂದ ಅದನ್ನು ಚಕ್ರ ಇಳಿಸದೆಯೇ ಜೌಗು ನೆಲದ ಮೇಲೆ ಇಳಿಸಿದರಂತೆ, ಒಳಗಿದ್ದವರೆಲ್ಲ ಬದುಕಿದರಂತೆ. ಪ್ಯಾರಾಚೂಟ್ ಇದ್ದರೂ ಅವರು ಏಕೆ ಹಾರಲಿಲ್ಲ? ಚಕ್ರಗಳನ್ನು ಏಕೆ ಇಳಿಸಲಿಲ್ಲ? ಇದರಲ್ಲಿ ಕೌಶಲವೆಷ್ಟು, ಅದೃಷ್ಟವೆಷ್ಟು? ಆ ವಿಮಾನ ಮತ್ತೆ ಹಾರಬಲ್ಲದೇ?

ಉತ್ತರ: ತಮ್ಮ ಅಣ್ಣನ ಮಗ ನೋಡಿರುವುದು ಬೋಯಿಂಗ್ ಕಂಪನಿಯ ಬಿ-17ಇ ಮಾದರಿಯ ವಿಮಾನ. ಅದರ ಕ್ರಮಸಂಖ್ಯೆ 41-2446. ಈಗ ಅದನ್ನು ಎಲ್ಲರೂ 'ಸ್ವಾಂಪ್ ಘೋಸ್ಟ್' (ಜೌಗಿನ ಭೂತ) ಎಂದು ಕರೆಯುತ್ತಾರಾದರೂ ಅದರ ಸಿಬ್ಬಂದಿ ಇಟ್ಟ ಹೆಸರು ಅದಲ್ಲ, ದಶಕಗಳ ನಂತರ ಅದನ್ನು ಮತ್ತೆ ಕಂಡವರಿಂದ ಬಂದದ್ದು. ಅಮೆರಿಕದ ಸೇನೆ ಈ ವಿಮಾನವನ್ನು ಕಾರ್ಖಾನೆಯಿಂದ ವಹಿಸಿಕೊಂಡದ್ದು 1941ರ ಡಿಸೆಂಬರ್ 6ರಂದು, ಅಂದರೆ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಹಿಂದಿನ ದಿನ. ಅದು ಯುದ್ಧಕ್ಕೆ ಹೊರಟು, ಏಟು ತಿಂದು, ನೆಲ ಕಂಡದ್ದು ಅಲ್ಲಿಂದ ಮೂರು ತಿಂಗಳೂ ತುಂಬುವ ಮೊದಲೇ.

ತಮ್ಮ ಪ್ರಶ್ನೆಗಳಿಗೆ ಉತ್ತರ ಆ ದಿನದ ಘಟನೆಗಳ ಸರಪಳಿಯಲ್ಲಿಯೇ ಇರುವುದರಿಂದ ಮೊದಲು ಅದನ್ನು ಹೇಳುತ್ತೇನೆ. ನ್ಯೂಗಿನಿಗೆ ಪೂರ್ವದಲ್ಲಿರುವ ನ್ಯೂಬ್ರಿಟನ್ ದ್ವೀಪದ ರಬೌಲ್ ಬಂದರನ್ನು ಜಪಾನ್ 1942ರ ಜನವರಿ 23ರಂದು ವಶಪಡಿಸಿಕೊಂಡು, ಅದನ್ನು ದಕ್ಷಿಣ ಪೆಸಿಫಿಕ್‌ನಲ್ಲಿ ತನ್ನ ದೊಡ್ಡ ನೆಲೆಯಾಗಿ ಕಟ್ಟತೊಡಗಿತ್ತು. ಅದರ ಮೇಲೆ ಬಾಂಬ್ ಹಾಕಲು ಫೆಬ್ರುವರಿ 22ರ ರಾತ್ರಿ ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ನಿಂದ ಬಿ-17 ವಿಮಾನಗಳನ್ನು ಹೊರಡಿಸಲಾಯಿತು. ಟೌನ್ಸ್‌ವಿಲ್‌ನಿಂದ ರಬೌಲ್‌ಗೆ ನೇರ ಅಂತರವೇ ಸುಮಾರು 1,800 ಕಿಲೋಮೀಟರ್. ಹೋಗಿ ನೇರವಾಗಿ ಹಿಂದಿರುಗುವುದು ಕಷ್ಟವಾದ್ದರಿಂದ, ದಾಳಿ ಮುಗಿಸಿ ನ್ಯೂಗಿನಿಯ ದಕ್ಷಿಣ ಕರಾವಳಿಯ ಪೋರ್ಟ್ ಮೊರೆಸ್ಬಿಯಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕೆಂಬುದು ಯೋಜನೆಯಾಗಿತ್ತು. ಹವಾಮಾನ ಕೆಟ್ಟಿತ್ತು. ಕೆಲವು ವಿಮಾನಗಳು ಹೊರಡಲೇ ಇಲ್ಲ, ಹೊರಟವುಗಳೂ ಮೋಡಗಳ ನಡುವೆ ಒಂದರಿಂದೊಂದು ಬೇರ್ಪಟ್ಟವು.

41-2446ರ ಪೈಲಟ್ ಫ್ರೆಡ್ ಈಟನ್. ಅವರೊಡನೆ ಇನ್ನೂ ಎಂಟು ಜನರಿದ್ದರು. ಗುರಿಯ ಮೇಲೆ ಬಂದಾಗ ಬಾಂಬುಗಳು ಕಳಚಲಿಲ್ಲ. ಇಂತಹ ಹೊತ್ತಿನಲ್ಲಿ ಮರಳಿ ಹೋಗಿಬಿಟ್ಟಿದ್ದರೆ ಯಾರೂ ದೂರುವಂತಿರಲಿಲ್ಲ. ಆದರೆ ಈಟನ್ ಒಂದು ಸುತ್ತು ಹಾಕಿ ಎರಡನೆಯ ಬಾರಿ ಅದೇ ಗುರಿಯ ಮೇಲೆ ಬಂದರು, ಈ ಸಲ ಬಾಂಬುಗಳು ಬಿದ್ದವು. ಆ ಎರಡನೆಯ ಸುತ್ತಿನ ಬೆಲೆಯೂ ದೊಡ್ಡದೇ ಆಯಿತು. ವಿಮಾನ ನಿರೋಧಕ ತೋಪಿನ ಗುಂಡೊಂದು ಬಲ ರೆಕ್ಕೆಯನ್ನು ತೂರಿಕೊಂಡು ಹೋಯಿತು. ಅದು ಸಿಡಿಯದೆ ಹಾಗೆಯೇ ಹಾದುಹೋದದ್ದರಿಂದ ಮಾತ್ರ ರೆಕ್ಕೆ ಉಳಿಯಿತು. ಅದರ ಬೆನ್ನಿಗೇ ಜಪಾನಿನ ಜೀರೋ ಯುದ್ಧವಿಮಾನಗಳು ಎರಗಿದವು. ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಲು ಎಂಜಿನ್‌ಗಳನ್ನು ಪೂರ್ಣ ಶಕ್ತಿಯಲ್ಲಿ ಓಡಿಸಬೇಕಾಗುತ್ತದೆ, ಆಗ ಸಾಧಾರಣ ಹಾರಾಟದಲ್ಲಿ ಆಗುವುದಕ್ಕಿಂತ ಬಹಳ ಹೆಚ್ಚು ಪೆಟ್ರೋಲ್ ಉರಿದುಹೋಗುತ್ತದೆ.

ಲೆಕ್ಕ ತಪ್ಪಿದ್ದು ಇಲ್ಲಿ. ರಬೌಲ್‌ನಿಂದ ಪೋರ್ಟ್ ಮೊರೆಸ್ಬಿಗೆ ಸುಮಾರು 800 ಕಿಲೋಮೀಟರ್. ನಕ್ಷೆಯಲ್ಲಿ ಅದು ದೊಡ್ಡ ದೂರವೆನಿಸದು, ಆದರೆ ನಡುವೆ ನ್ಯೂಗಿನಿಯ ಬೆನ್ನೆಲುಬಿನಂತಹ ಓವನ್ ಸ್ಟ್ಯಾನ್ಲಿ ಪರ್ವತಶ್ರೇಣಿ ಅಡ್ಡ ನಿಂತಿದೆ. ಅದರ ಅತಿ ಎತ್ತರದ ಶಿಖರ ವಿಕ್ಟೋರಿಯಾ 4,000 ಮೀಟರ್‌ಗಿಂತ ಎತ್ತರ. ಅಷ್ಟು ಮೇಲಕ್ಕೇರಿ ದಾಟುವಷ್ಟು ಇಂಧನ ಉಳಿದಿರಲಿಲ್ಲ. ಏರುವ ನಡುವೆಯೇ ಎಂಜಿನ್‌ಗಳು ನಿಂತರೆ ಕೆಳಗೆ ಕಾಡು ಮುಚ್ಚಿದ ಕಡಿದಾದ ಇಳಿಜಾರುಗಳಲ್ಲದೆ ಬೇರೇನೂ ಇಲ್ಲ. ಉತ್ತರ ಕರಾವಳಿಯ ಬಯಲಿನಲ್ಲಿ ಗೋಧಿಯ ಹೊಲದಂತೆ ಹಸಿರಾಗಿ, ಸಮತಟ್ಟಾಗಿ ಹರಡಿದ್ದ ಒಂದು ಹುಲ್ಲುಗಾವಲನ್ನು ಈಟನ್ ಆರಿಸಿಕೊಂಡರು. ಅದು ಹುಲ್ಲುಗಾವಲಾಗಿರಲಿಲ್ಲ. ಅಗೈಂಬೊ ಎಂಬ ಜೌಗು ಅದು. ಆಳೆತ್ತರದ ಕುನಾಯ್ ಹುಲ್ಲು, ಅದರ ಅಡಿಯಲ್ಲಿ ಹಲವು ಅಡಿ ನೀರು ಮತ್ತು ಕೆಸರು. ವಿಮಾನ ಹೊಟ್ಟೆಯ ಮೇಲೆ ಜಾರಿ, ತುಸು ತಿರುಗಿ ನಿಂತಿತು. ಸಣ್ಣಪುಟ್ಟ ಗಾಯಗಳನ್ನು ಬಿಟ್ಟರೆ ಒಂಬತ್ತು ಜನರಿಗೂ ಏನೂ ಆಗಲಿಲ್ಲ.

ಈಗ ಚಕ್ರದ ಮಾತು. ಬಿ-17ಗೆ ಮುಂದೆ ರೆಕ್ಕೆಯಡಿಯಲ್ಲಿ ಎರಡು ದೊಡ್ಡ ಚಕ್ರಗಳು, ಹಿಂದೆ ಬಾಲದಡಿಯಲ್ಲಿ ಒಂದು ಸಣ್ಣ ಚಕ್ರ. ಇಂತಹ ವಿಮಾನದ ಭಾರಕೇಂದ್ರ ಮುಂದಿನ ಚಕ್ರಗಳಿಗಿಂತ ಸ್ವಲ್ಪವೇ ಹಿಂದಿರುತ್ತದೆ. ಗಟ್ಟಿ ರನ್‌ವೇಯಲ್ಲಿ ಇದರಿಂದ ತೊಂದರೆಯಿಲ್ಲ. ಮೆತ್ತನೆಯ ನೆಲದಲ್ಲಿ ಚಕ್ರಗಳು ಹೂತು ಒಮ್ಮೆಲೇ ನಿಂತುಬಿಟ್ಟರೆ, ಮೇಲಿರುವ ಹದಿನೈದು ಟನ್ನಿಗೂ ಮೀರಿದ ಭಾರ ಮುಂದಕ್ಕೆ ನುಗ್ಗುತ್ತಲೇ ಇರುತ್ತದೆ. ಕೆಸರು ಗದ್ದೆಗೆ ವೇಗವಾಗಿ ನುಗ್ಗಿದ ಬೈಕಿನ ಮುಂದಿನ ಚಕ್ರ ಹೂತಾಗ ಸವಾರ ಹ್ಯಾಂಡಲಿನ ಮೇಲಿಂದ ಹಾರಿ ಬೀಳುವುದೂ ಇದೇ ಕಾರಣಕ್ಕೆ. ವಿಮಾನ ಮೂಗಿನ ಮೇಲೆ ನಿಂತು ಬೆನ್ನಡಿಯಾಗಿ ಮಗುಚುತ್ತದೆ. ಮೂಗಿನಲ್ಲಿ ಗಾಜಿನ ಹಿಂದೆ ಕುಳಿತವರು ಮೊದಲು ಜಜ್ಜಿಹೋಗುತ್ತಾರೆ, ಪೈಲಟ್‌ಗಳು ತಲೆಕೆಳಗಾಗಿ ಸಿಕ್ಕಿಬೀಳುತ್ತಾರೆ, ಜೌಗಾಗಿದ್ದರೆ ನೀರಿನಡಿಯಲ್ಲಿ. ಚಕ್ರ ಮೇಲಕ್ಕೇ ಇದ್ದರೆ ಇಡೀ ಹೊಟ್ಟೆ, ಎಂಜಿನ್‌ಗಳ ತಳ, ರೆಕ್ಕೆಯ ಬುಡ ಇವೆಲ್ಲ ಒಟ್ಟಿಗೆ ನೆಲಕ್ಕೆ ತಾಗುತ್ತವೆ. ತಡೆಯುವ ಬಲ ಒಂದೆಡೆ ಕೇಂದ್ರೀಕರಿಸದೆ ಹರಡುವುದರಿಂದ ವಿಮಾನ ಜಾರುತ್ತ ನಿಲ್ಲುತ್ತದೆ. ಆದ್ದರಿಂದ ನೆಲ ಗಟ್ಟಿಯಾಗಿದೆಯೆಂಬ ಭರವಸೆ ಇಲ್ಲದೆಡೆ ಚಕ್ರಗಳನ್ನು ಇಳಿಸದಿರುವುದೇ ಕ್ರಮ. ಹುಲ್ಲುಗಾವಲೆಂದು ನಂಬಿದ್ದರೂ ಈಟನ್ ಚಕ್ರ ಇಳಿಸದೇ ಬಂದದ್ದು ನನ್ನ ದೃಷ್ಟಿಯಲ್ಲಿ ಆ ದಿನದ ಅತ್ಯಂತ ಮಹತ್ವದ ತೀರ್ಮಾನ. ಕೆಳಗೆ ನೀರಿದೆಯೆಂದು ತಿಳಿಯದಿದ್ದರೂ ಅದರಿಂದ ಆಗಬಹುದಾಗಿದ್ದ ಅನಾಹುತವನ್ನು ಆ ಒಂದು ತೀರ್ಮಾನ ತಪ್ಪಿಸಿತು.

ಅಪಘಾತದಲ್ಲಿ ಮನುಷ್ಯನನ್ನು ಕೊಲ್ಲುವುದು ವೇಗವಲ್ಲ, ವೇಗ ಎಷ್ಟು ದೂರದಲ್ಲಿ ಇಲ್ಲವಾಗುತ್ತದೆ ಎಂಬುದು. ಲೆಕ್ಕ ಸರಳವಾದದ್ದೇ. ಇಳಿಯುವ ಹೊತ್ತಿಗೆ ಇಂತಹ ವಿಮಾನದ ವೇಗ ಗಂಟೆಗೆ ಸುಮಾರು 145 ಕಿಲೋಮೀಟರ್, ಅಂದರೆ ಸೆಕೆಂಡಿಗೆ 40 ಮೀಟರ್ ಎಂದಿಟ್ಟುಕೊಳ್ಳೋಣ. ಆ ವೇಗ 100 ಮೀಟರ್ ಜಾರಿ ಸಮವಾಗಿ ಕುಗ್ಗಿದರೆ ಒಳಗಿರುವವರ ಮೇಲೆ ಬೀಳುವ ಬಲ ಗುರುತ್ವದ ಬಲಕ್ಕಿಂತಲೂ ಕಡಿಮೆ. 20 ಮೀಟರ್‌ನಲ್ಲಿ ನಿಂತರೆ ಅದು ಗುರುತ್ವದ ನಾಲ್ಕು ಪಟ್ಟು. ಬೆಲ್ಟ್ ಕಟ್ಟಿಕೊಂಡು ಸರಿಯಾಗಿ ಕುಳಿತವರು ಇದನ್ನೂ ತಡೆದುಕೊಳ್ಳುತ್ತಾರೆ. ಮರಕ್ಕೋ ದಿಣ್ಣೆಗೋ ಬಡಿದು ಎರಡು ಮೀಟರ್‌ನಲ್ಲಿ ನಿಂತರೆ ನಲವತ್ತು ಪಟ್ಟು, ಅಲ್ಲಿ ಬದುಕುವ ಆಸೆ ಬಹಳ ಕಡಿಮೆ. ಎತ್ತರದ ಹುಲ್ಲು, ನೀರು, ಕೆಸರು ಇವು ಮೂರೂ ಸೇರಿ ಈ ವಿಮಾನವನ್ನು ಮೆಲ್ಲಮೆಲ್ಲನೆ ಹಿಡಿದು ನಿಲ್ಲಿಸಿದವು. ವೇಗದ ವಿಷಯದಲ್ಲಿ ಇನ್ನೂ ಒಂದು ಮಾತು: ಚಲನೆಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಗಂಟೆಗೆ 145ರ ಬದಲು 200 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿದ್ದರೆ ತಡೆಯಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತಿತ್ತು. ರೆಕ್ಕೆಯ ಹಿಂದಂಚಿನಲ್ಲಿ ಕೆಳಕ್ಕೆ ಬಾಗುವ ಫ್ಲ್ಯಾಪ್‌ಗಳನ್ನು ಪೂರ್ತಿ ಇಳಿಸಿ, ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ಅಂಚಿನವರೆಗೂ ವೇಗವನ್ನು ತಗ್ಗಿಸಿ, ಅದೇ ಹೊತ್ತಿಗೆ ವಿಮಾನ ಧೊಪ್ಪನೆ ಬೀಳದಂತೆ ಹಿಡಿದುಕೊಳ್ಳುವುದು ಪೈಲಟ್‌ನ ಕೈಚಳಕ.

ಆ ಕೈಚಳಕಕ್ಕೆ ಎಂಜಿನ್ ಬೇಕು, ಅನೇಕರು ಮರೆಯುವುದು ಇದನ್ನೇ. ಇಂಧನ ಪೂರ್ತಿ ಮುಗಿಯುವವರೆಗೆ ಹಾರುತ್ತ ಹೋಗಿ, ಎಂಜಿನ್‌ಗಳು ಸತ್ತ ಮೇಲೆ ಜಾಗ ಹುಡುಕಲು ಹೊರಟವನಿಗೆ ಒಂದೇ ಅವಕಾಶ. ಅಂದಾಜು ತಪ್ಪಿದರೆ ಮತ್ತೆ ಮೇಲಕ್ಕೆ ಹೋಗುವಂತಿಲ್ಲ. ಇನ್ನೂ ಸ್ವಲ್ಪ ಇಂಧನ ಉಳಿದಿರುವಾಗಲೇ 'ಇನ್ನು ಮುಂದಕ್ಕೆ ಸಾಧ್ಯವಿಲ್ಲ' ಎಂದು ಒಪ್ಪಿಕೊಂಡವನು ಜಾಗವನ್ನು ಸುತ್ತಿ ನೋಡಬಹುದು, ಸಿಬ್ಬಂದಿಯನ್ನು ಸಿದ್ಧಗೊಳಿಸಬಹುದು. ಸಿದ್ಧತೆಯೆಂದರೆ ಬಿ-17ರಲ್ಲಿ ಮೂಗಿನಲ್ಲಿರುವವರು ಆ ಜಾಗ ಬಿಟ್ಟು ಹಿಂದಕ್ಕೆ ಬರುವುದು, ಬಾಂಬ್ ಕೋಣೆಯ ಹಿಂದಿನ ರೇಡಿಯೊ ಕೋಣೆಯಲ್ಲಿ ಮುಂದಿನ ಗೋಡೆಗೆ ಬೆನ್ನು ಕೊಟ್ಟು, ತಲೆಯ ಹಿಂದೆ ಕೈ ಹೆಣೆದು ಒತ್ತಾಗಿ ಕೂರುವುದು, ಬಡಿತಕ್ಕೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಸಿಕ್ಕಿಕೊಳ್ಳದಂತೆ ಹೊರಬರುವ ಕಂಡಿಗಳನ್ನು ಮೊದಲೇ ತೆರೆದಿಡುವುದು, ನೆಲ ಮುಟ್ಟುವ ಕ್ಷಣಕ್ಕೆ ಎಂಜಿನ್ ಮತ್ತು ವಿದ್ಯುತ್ತಿನ ಸ್ವಿಚ್ಚುಗಳನ್ನು ಆರಿಸುವುದು. ಕೊನೆಯದು ಬೆಂಕಿಗಾಗಿ. ಜಾರಿ ನಿಂತ ಮೇಲೂ ಒಡೆದ ಟ್ಯಾಂಕಿನಿಂದ ಸೋರಿದ ಪೆಟ್ರೋಲ್ ಕಾದ ಎಂಜಿನ್‌ನ ಹೊಗೆಕೊಳವೆಗೆ ತಗುಲಿ, ಬಡಿತದಲ್ಲಿ ಬದುಕುಳಿದವರು ಬೆಂಕಿಯಲ್ಲಿ ಸತ್ತ ಉದಾಹರಣೆಗಳು ಆ ಯುದ್ಧದಲ್ಲಿ ಬಹಳ. ಅಗೈಂಬೊದಲ್ಲಿ ಟ್ಯಾಂಕುಗಳು ಬರಿದಾಗುತ್ತ ಬಂದಿದ್ದವು, ಕೆಳಗೆ ನೀರಿತ್ತು, ಬಾಂಬುಗಳು ಮೊದಲೇ ಹೋಗಿದ್ದವು. ಎರಡನೆಯ ಸುತ್ತು ಹಾಕದೆ ಬಾಂಬುಗಳನ್ನು ಹೊತ್ತುಕೊಂಡೇ ಬಂದಿದ್ದರೆ, ಇಳಿಯುವ ಮುನ್ನ ಅವುಗಳನ್ನು ಕಳಚುವ ಇನ್ನೊಂದು ಪ್ರಯತ್ನ ಅವರ ಮುಂದೆ ಇರುತ್ತಿತ್ತು.

ವಿಮಾನದ ರಚನೆಯೂ ಇಲ್ಲಿ ಸಹಾಯಕ್ಕೆ ಬಂದಿತು. ಬಿ-17ರ ರೆಕ್ಕೆ ಒಡಲಿನ ಕೆಳಭಾಗಕ್ಕೆ ಹೊಂದಿಕೊಂಡಿದೆ. ಹೊಟ್ಟೆಯ ಮೇಲೆ ಇಳಿದಾಗ ಆ ದಪ್ಪ, ಬಲವಾದ ರೆಕ್ಕೆಯ ಬುಡವೇ ಮೊದಲ ಏಟನ್ನು ತೆಗೆದುಕೊಳ್ಳುತ್ತದೆ, ನೀರಿನ ಮೇಲಾದರೆ ತೇಲಲು ಆಧಾರವೂ ಆಗುತ್ತದೆ. ಅದೇ ಯುದ್ಧದ ಇನ್ನೊಂದು ಪ್ರಸಿದ್ಧ ಬಾಂಬರ್ ಬಿ-24 ಲಿಬರೇಟರ್‌ನಲ್ಲಿ ರೆಕ್ಕೆ ಒಡಲಿನ ಮೇಲ್ಭಾಗದಲ್ಲಿದೆ. ಅದರ ಬಾಂಬ್ ಕೋಣೆಯ ಬಾಗಿಲುಗಳು ಅಂಗಡಿಯ ರೋಲಿಂಗ್ ಶಟರ್ ಮಾದರಿಯ ತೆಳು ತಗಡಿನವು. ಹೊಟ್ಟೆಯ ಮೇಲೆ, ಅದರಲ್ಲೂ ಸಮುದ್ರದ ಮೇಲೆ ಇಳಿದಾಗ ಆ ಬಾಗಿಲುಗಳು ಒಳಕ್ಕೆ ಕುಸಿದು, ನೀರು ನುಗ್ಗಿ, ಒಡಲು ಮುರಿಯುತ್ತಿದ್ದುದರಿಂದ ಲಿಬರೇಟರ್ ಸಿಬ್ಬಂದಿ ಇಂತಹ ಇಳಿತಕ್ಕೆ ಬಹಳ ಹೆದರುತ್ತಿದ್ದರು. ಈ ಲಿಬರೇಟರ್ ಬೆಂಗಳೂರಿಗೆ ಪರಕೀಯವಲ್ಲ. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋಗಿದ್ದ ಲಿಬರೇಟರ್‌ಗಳಲ್ಲಿ ಸುಮಾರು ನಲವತ್ತನ್ನು ನಮ್ಮ ಎಚ್‌ಎಎಲ್ ಬೆಂಗಳೂರಿನಲ್ಲಿ ದುರಸ್ತಿ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟಿತು, ಅವು 1968ರವರೆಗೂ ಸೇವೆಯಲ್ಲಿದ್ದವು. ಕಾನ್ಪುರದಿಂದ ಅವುಗಳನ್ನು ಹಾರಿಸಿಕೊಂಡು ಬಂದ ಎಚ್‌ಎಎಲ್‌ನ ಪೈಲಟ್ ಜಮ್‌ಶೆಡ್ ಮುನ್ಷಿಯವರ ಧೈರ್ಯ ಪ್ರತ್ಯೇಕವಾಗಿ ಬರೆಯಬೇಕಾದ ವಿಷಯ.

ಪ್ಯಾರಾಚೂಟ್ ಕುರಿತ ತಮ್ಮ ಪ್ರಶ್ನೆಗೆ ಅತ್ಯಂತ ನೋವಿನ ಉತ್ತರ ಒಂದು ಲಿಬರೇಟರ್‌ನ ಕಥೆಯಲ್ಲಿಯೇ ಇದೆ. 1943ರ ಏಪ್ರಿಲ್ 4ರಂದು ಲಿಬಿಯಾದ ಸೊಲುಕ್ ನೆಲೆಯಿಂದ ಇಟಲಿಯ ನೇಪಲ್ಸ್ ಮೇಲೆ ದಾಳಿಗೆ ಹೊರಟ 'ಲೇಡಿ ಬಿ ಗುಡ್' ಎಂಬ ಬಿ-24, ರಾತ್ರಿಯಲ್ಲಿ ಹಿಂದಿರುಗುವಾಗ ತನ್ನ ನೆಲೆಯನ್ನು ಗುರುತಿಸದೆ ದಾಟಿ, ಸಹರಾ ಮರುಭೂಮಿಯೊಳಕ್ಕೆ ನೂರಾರು ಕಿಲೋಮೀಟರ್ ಹೋಗಿಬಿಟ್ಟಿತು. ಇಂಧನ ತೀರಿದಾಗ ಒಂಬತ್ತು ಜನರೂ ಕತ್ತಲಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು. ಒಬ್ಬರ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಉಳಿದ ಎಂಟು ಜನ ಒಟ್ಟುಗೂಡಿ, ಸಮುದ್ರ ಹತ್ತಿರದಲ್ಲಿದೆಯೆಂದು ನಂಬಿ, ಸೈನಿಕರು ಒಯ್ಯುವ ಸೀಸೆಯೊಂದರಲ್ಲಿ ಅರ್ಧದಷ್ಟಿದ್ದ ನೀರಿನೊಂದಿಗೆ ಉತ್ತರಕ್ಕೆ ನಡೆಯತೊಡಗಿದರು. ಖಾಲಿಯಾದ ವಿಮಾನ ಮಾತ್ರ ತಾನಾಗಿಯೇ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ಹಾರಿ, ಮರಳಿನ ಮೇಲೆ ಹೊಟ್ಟೆಯೂರಿ ಬಹುಮಟ್ಟಿಗೆ ಇಡಿಯಾಗಿಯೇ ಇಳಿದಿತ್ತು. ಅದನ್ನು 1958ರಲ್ಲಿ ತೈಲ ಹುಡುಕುತ್ತಿದ್ದವರು ಆಕಾಶದಿಂದ ಕಂಡರು. ಮರುವರ್ಷ ಒಳಹೊಕ್ಕು ನೋಡಿದಾಗ ಅದರೊಳಗೆ ನೀರಿತ್ತು, ಕೆಲಸ ಮಾಡುವ ಸ್ಥಿತಿಯಲ್ಲಿದ್ದ ರೇಡಿಯೊ ಇತ್ತು. ಎಂಟು ಜನರಲ್ಲಿ ಯಾರೂ ಬದುಕಲಿಲ್ಲ. ಸಹ-ಪೈಲಟ್ ರಾಬರ್ಟ್ ಟೋನರ್ ಅವರ ಪುಟ್ಟ ದಿನಚರಿಯಲ್ಲಿ ಏಪ್ರಿಲ್ 12ರವರೆಗೆ ಬರೆಹವಿದೆ.

ಅವರು ತಪ್ಪು ಮಾಡಿದರೆಂದು ನಾನು ಹೇಳುತ್ತಿಲ್ಲ. ಕೆಳಗೆ ಏನಿದೆಯೆಂದು ಕಾಣದ ರಾತ್ರಿಯಲ್ಲಿ, ಹೊಟ್ಟೆ ದುರ್ಬಲವಾದ ವಿಮಾನದಲ್ಲಿ, ಒಂದೊಂದಾಗಿ ಎಂಜಿನ್‌ಗಳು ನಿಲ್ಲುತ್ತಿರುವಾಗ ಹಾರುವುದೇ ಶಾಸ್ತ್ರೋಕ್ತವಾದ ನಿರ್ಧಾರವಾಗಿತ್ತು. ಈಟನ್ ಅವರಿಗೆ ಹಗಲಿನ ಬೆಳಕಿತ್ತು, ಸಮತಟ್ಟಾದ ಜಾಗ ಕಣ್ಣೆದುರಿಗಿತ್ತು, ಕೈಯಲ್ಲಿ ಹತೋಟಿಗೆ ಸಿಗುವ ವಿಮಾನವಿತ್ತು. ಆದರೂ ಎರಡು ಘಟನೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಪ್ಯಾರಾಚೂಟ್ ಏನನ್ನು ಕಿತ್ತುಕೊಳ್ಳುತ್ತದೆ ಎಂಬುದು ಕಾಣುತ್ತದೆ. ಹಾರಿದವರು ಕಿಲೋಮೀಟರ್‌ಗಟ್ಟಲೆ ಚದುರುತ್ತಾರೆ. ಗಾಯಗೊಂಡವನನ್ನು ಹಾರಿಸುವಂತಿಲ್ಲ, ಹಾರಿಸಿದರೂ ಅವನನ್ನು ಹುಡುಕಿ ಹೊತ್ತೊಯ್ಯುವವರಿಲ್ಲ. ವಿಮಾನದಲ್ಲಿರುವ ನೀರು, ಔಷಧ, ಆಹಾರ ಎಲ್ಲವೂ ದೂರವಾಗುತ್ತವೆ. ಆಳೆತ್ತರದ ಹುಲ್ಲಿನ ನಡುವೆ, ನೀರಿನಲ್ಲಿ ಒಬ್ಬೊಬ್ಬರಾಗಿ ಬಿದ್ದಿದ್ದರೆ ಈ ಒಂಬತ್ತು ಜನರಿಗೆ ಹತ್ತಿಪ್ಪತ್ತು ಮಾರು ಆಚೆಯಿರುವವನೂ ಕಾಣುತ್ತಿರಲಿಲ್ಲ.

ಕೊನೆಯ ಉಪಾಯವಾಗಿ ಹೀಗೆ ಇಳಿದವರು ಇವರೊಬ್ಬರೇ ಅಲ್ಲ. 1942ರ ಏಪ್ರಿಲ್ 27ರ ರಾತ್ರಿ ನಾರ್ವೆಯಲ್ಲಿ ಜರ್ಮನಿಯ ಟಿರ್ಪಿಟ್ಜ್ ಯುದ್ಧನೌಕೆಯ ಮೇಲೆ ದಾಳಿ ಮಾಡಿದ ಬ್ರಿಟನ್ನಿನ ಹ್ಯಾಲಿಫ್ಯಾಕ್ಸ್ ಬಾಂಬರ್ ಒಂದಕ್ಕೆ ಬೆಂಕಿ ಹತ್ತಿದಾಗ, ಪೈಲಟ್ ಡಾನ್ ಮ್ಯಾಕಿಂಟೈರ್ ಅದನ್ನು ಹಿಮಗಟ್ಟಿದ ಹೊಕ್ಲಿಂಗನ್ ಸರೋವರದ ಮೇಲೆ ಚಕ್ರವಿಲ್ಲದೆ ಇಳಿಸಿದರು. ಕಾಲಿನ ಗಿಣ್ಣು ಮುರಿದಿದ್ದ ಫ್ಲೈಟ್ ಎಂಜಿನಿಯರ್ ಸೆರೆಯಾದರು, ಉಳಿದವರು ನಡೆದು ಸ್ವೀಡನ್ ಸೇರಿದರು. ಕೆಲವು ಗಂಟೆಗಳಲ್ಲೇ ಮಂಜುಗಡ್ಡೆ ಒಡೆದು ಮುಳುಗಿದ ಆ ವಿಮಾನವನ್ನು 1973ರಲ್ಲಿ ಮೇಲೆತ್ತಲಾಯಿತು.

ಇನ್ನು ಅದೃಷ್ಟದ ಪಾಲು. ವಿಮಾನ ಇಳಿದ ಕ್ಷಣಕ್ಕಿಂತ ಇಳಿದ ಮೇಲಿನ ದಿನಗಳಲ್ಲಿ ಅದು ಹೆಚ್ಚಾಗಿ ಕಾಣುತ್ತದೆ. ಅಲಗಿನಂತಹ ಅಂಚಿನ ಕುನಾಯ್ ಹುಲ್ಲನ್ನು ಕಡಿಯುತ್ತ, ಎದೆಮಟ್ಟದ ನೀರಿನಲ್ಲಿ ನಡೆದು ಒಣ ನೆಲ ಮುಟ್ಟಲು ಈಟನ್ ತಂಡಕ್ಕೆ ಎರಡು ದಿನ ಹಿಡಿಯಿತು. ಅಲ್ಲಿ ಪಾಪುವಾದ ಹಳ್ಳಿಗರು ಅವರನ್ನು ಕಂಡು, ತಮ್ಮಲ್ಲಿಗೆ ಕರೆದೊಯ್ದು, ಉಣಿಸಿ, ದೋಣಿಯಲ್ಲಿ ಮುಂದಕ್ಕೆ ಸಾಗಿಸಿದರು. ಆ ಹೊತ್ತಿಗೆ ಹಲವರಿಗೆ ಮಲೇರಿಯಾ ಹಿಡಿದಿತ್ತು. ಅಲ್ಲಿಂದ ಆಸ್ಟ್ರೇಲಿಯಾದ ಅಧಿಕಾರಿಗಳ ನೆರವಿನಿಂದ ಏಪ್ರಿಲ್ 1ರಂದು ಪೋರ್ಟ್ ಮೊರೆಸ್ಬಿ ತಲುಪಿದರು. ಐದು ವಾರಕ್ಕೂ ಮೀರಿದ ಆ ಪಯಣದಲ್ಲಿ ಒಬ್ಬರೂ ಸಾಯಲಿಲ್ಲ, ಒಬ್ಬರೂ ಸೆರೆಯಾಗಲಿಲ್ಲ. 1942ರ ಜುಲೈ 21ರಂದು ಜಪಾನಿನ ಸೇನೆ ಇದೇ ಉತ್ತರ ಕರಾವಳಿಯ ಬೂನಾ, ಗೋನಾ ಪ್ರದೇಶದಲ್ಲಿ ಇಳಿಯಿತು. ಈ ವಿಮಾನ ಐದು ತಿಂಗಳು ತಡವಾಗಿ ಅಲ್ಲಿ ಬಿದ್ದಿದ್ದರೆ ಎಷ್ಟೇ ಚೆನ್ನಾಗಿ ಇಳಿಸಿದ್ದರೂ ಕಥೆ ಬೇರೆಯಾಗುತ್ತಿತ್ತು. ಈ ಪ್ರಸಂಗವನ್ನು ಹೇಳುವವರು ಪೈಲಟ್‌ನನ್ನು ಹೊಗಳಿ ನಿಲ್ಲಿಸಿಬಿಡುತ್ತಾರೆ. ಯಾವ ಪಕ್ಷದ ಯುದ್ಧವೂ ತಮ್ಮದಲ್ಲದ ಆ ಹಳ್ಳಿಗರು ಒಂಬತ್ತು ಅಪರಿಚಿತರನ್ನು ಉಳಿಸಿದ್ದನ್ನೂ ಅಷ್ಟೇ ಗೌರವದಿಂದ ಹೇಳಬೇಕೆಂಬುದು ನನ್ನ ಬಲವಾದ ನಂಬಿಕೆ.

ಹಾಗಾಗಿ ಗುಂಡು ಸಿಡಿಯದೇ ಹೋದದ್ದು, ಕೆಳಗೆ ಬಂಡೆಯ ಬದಲು ನೀರಿದ್ದದ್ದು, ಶತ್ರು ಇನ್ನೂ ಆ ತೀರಕ್ಕೆ ಬಾರದಿದ್ದದ್ದು ಅದೃಷ್ಟ. ಪರ್ವತ ದಾಟುವ ಆಸೆಯನ್ನು ಸಕಾಲದಲ್ಲಿ ಕೈಬಿಟ್ಟದ್ದು, ಚಕ್ರ ಇಳಿಸದಿದ್ದದ್ದು, ವಿಮಾನವನ್ನು ಸಮವಾಗಿ, ಕಡಿಮೆ ವೇಗದಲ್ಲಿ ನೆಲಕ್ಕೆ ತಂದದ್ದು, ಜನರನ್ನು ಒಟ್ಟಿಗೆ ಇಟ್ಟುಕೊಂಡದ್ದು ಕೌಶಲ. ನನ್ನನ್ನು ಕೇಳಿದರೆ ಇವುಗಳಲ್ಲಿ ಮೊದಲನೆಯದೇ ಕಷ್ಟದ್ದು. ಬೆಟ್ಟದಾಚೆ ರನ್‌ವೇ, ಆಸ್ಪತ್ರೆ, ತಮ್ಮವರೆಲ್ಲ ಇದ್ದಾರೆಂದು ಗೊತ್ತಿರುವಾಗ ಈಚೆಯೇ ಇಳಿಯುತ್ತೇನೆಂದು ಹೇಳಲು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ.

ವಿಮಾನದ ಮುಂದಿನ ಕಥೆ ಚಿಕ್ಕದು. 1972ರಲ್ಲಿ ಆಸ್ಟ್ರೇಲಿಯಾದ ವಾಯುಪಡೆಯ ಹೆಲಿಕಾಪ್ಟರ್ ಸಿಬ್ಬಂದಿ ಅದನ್ನು ಮತ್ತೆ ಕಂಡರು. ಜೌಗಿನ ನಡುವೆ ಯಾರ ಕೈಯೂ ಸುಲಭವಾಗಿ ಎಟುಕದಿದ್ದುದರಿಂದ ಅದು ಬಹುಮಟ್ಟಿಗೆ ಇದ್ದಂತೆಯೇ ಇತ್ತು, ಬಂದೂಕುಗಳಲ್ಲಿ ಗುಂಡುಗಳೂ ಉಳಿದಿದ್ದವು. 2006ರಲ್ಲಿ ಅಮೆರಿಕದ ಒಂದು ತಂಡ ಅದನ್ನು ಬಿಡಿಭಾಗಗಳಾಗಿ ಕಳಚಿ ಹೆಲಿಕಾಪ್ಟರ್‌ನಲ್ಲಿ ಎತ್ತಿ ಹೊರತಂದಾಗ, ದೇಶದ ಪರಂಪರೆಯ ವಸ್ತುವನ್ನು ಹೊರಕ್ಕೆ ಒಯ್ಯಬಾರದೆಂದು ಪಾಪುವಾ ನ್ಯೂಗಿನಿಯಲ್ಲಿ ಆಕ್ಷೇಪ ಎದ್ದಿತು. ಆ ಆಕ್ಷೇಪದಲ್ಲಿ ನ್ಯಾಯವಿತ್ತೆಂದೇ ನನ್ನ ಅನಿಸಿಕೆ. ವಿವಾದದ ಕಾರಣ ಆ ದೇಶದ ಲೇ ಎಂಬ ಬಂದರಿನಲ್ಲಿ ಹಲವು ವರ್ಷ ನಿಂತಿದ್ದ ಅದು 2010ರಲ್ಲಿ ಅಮೆರಿಕಕ್ಕೆ, 2013ರಲ್ಲಿ ಪರ್ಲ್ ಹಾರ್ಬರ್‌ಗೆ ಬಂತು. ಅದು ಮತ್ತೆ ಹಾರುವುದಿಲ್ಲ. ಆರು ದಶಕಗಳ ಕಾಲ ನೀರಿನಲ್ಲಿ ನೆಂದ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ ಭರವಸೆಯಿಟ್ಟು ಯಾರನ್ನೂ ಆಕಾಶಕ್ಕೆ ಕಳುಹಿಸಲಾಗದು, ಹಾರಿಸಬೇಕೆಂದರೆ ಬಹುಪಾಲು ಭಾಗಗಳನ್ನು ಹೊಸದಾಗಿ ಮಾಡಬೇಕಾಗುತ್ತದೆ. ಹಾಗೆ ಮಾಡಿದರೆ ಬಲ ರೆಕ್ಕೆಯ ತೂತೂ, ಒಡಲಿನ ಮೇಲಿನ ಗುಂಡಿನ ಗುರುತುಗಳೂ ಅಳಿಸಿಹೋಗುತ್ತವೆ. ತಮ್ಮ ಅಣ್ಣನ ಮಗ ಮತ್ತೊಮ್ಮೆ ಅಲ್ಲಿಗೆ ಹೋದರೆ ಹೊಟ್ಟೆಯ ತಗಡು ಎಲ್ಲೆಲ್ಲಿ ತಗ್ಗಿದೆ, ಪ್ರೊಪೆಲ್ಲರ್‌ಗಳು ಯಾವ ಕಡೆಗೆ ಬಾಗಿವೆ ಎಂಬುದನ್ನು ಹತ್ತಿರದಿಂದ ನೋಡಿ ಫೋಟೊ ತೆಗೆಯಲು ಹೇಳಿ. ಮೇಲೆ ವಿವರಿಸಿದ ಇಳಿತದ ಬಗೆ ಅವುಗಳಲ್ಲಿ ಕಾಣುತ್ತದೆ.